ದೆವ್ವದ ವಿಡಿಯೊಗೆ ಚೌಕಿ ಎಲ್ಲಿದೆ?

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಇವಾನ್ಸ್ ಸಿಟಿ ಅಂತ ಒಂದು ಊರಿದೆ. ಹೆಸರಲ್ಲಿ ಮಾತ್ರ ಸಿಟಿ, ಜನ ಎರಡು ಸಾವಿರವೂ ಇಲ್ಲ. ಆ ಊರಿನ ಸ್ಮಶಾನ ನೋಡಲು ದೂರದೂರದಿಂದ ಜನ ಬರುತ್ತಾರೆ. ಕಾರಣ, 1968ರಲ್ಲಿ ಬಂದ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಎಂಬ ಕಪ್ಪು ಬಿಳುಪು ಸಿನಿಮಾ. ಸತ್ತವರು ಎದ್ದು ಬಂದು ಬದುಕಿದವರನ್ನು ತಿನ್ನುವ ಕತೆ. ಮೊದಲ ದೃಶ್ಯ ತೆಗೆದದ್ದು ಅದೇ ಸ್ಮಶಾನದಲ್ಲಿ.

ಅದರ ಅಭಿಮಾನಿಗಳು ‘ಲಿವಿಂಗ್ ಡೆಡ್ ವೀಕೆಂಡ್’ ಅಂತ ಜಾತ್ರೆಯ ಹಾಗೆ ಸೇರುತ್ತಾರೆ. ನಾವು ಹೋಗಿಲ್ಲ. ನಮಗೆ ಬರುವ ಸಂಭಾವನೆಯಲ್ಲಿ ಬೆಂಗಳೂರಿಗೆ ಹೋಗುವುದಕ್ಕೂ ಲೆಕ್ಕ ಹಾಕಬೇಕು. ಓದಿ, ಮೊಬೈಲಿನಲ್ಲಿ ನೋಡಿ ತಿಳಿದದ್ದನ್ನು ಹೇಳುತ್ತಿದ್ದೇವೆ.

ಇಂಥ ಜಾತ್ರೆಗೆ ಜನ ಮುಖಕ್ಕೆ ಬಣ್ಣ ಬಳಿದು, ಹರಿದ ಅಂಗಿ ತೊಟ್ಟು ಬರುತ್ತಾರೆ. ಒಳಗೆ ಸಾಲು ಮೇಜು. ಸಿನಿಮಾದಲ್ಲಿ ಹೆಣವಾಗಿ ಅರೆ ನಿಮಿಷ ನಡೆದವರೂ ಈಗ ತಲೆ ನೆರೆತು ಅಲ್ಲಿ ಕೂತಿರುತ್ತಾರೆ, ಫೋಟೊಗೆ ಸಹಿ ಹಾಕುತ್ತಾರೆ. ಸಹಿಗೆ ದುಡ್ಡು ಉಂಟು! ಅದು ಸ್ವಲ್ಪ ಅತಿಯಾಯಿತು ಅಂತ ನಮಗನಿಸಿದೆ. ಆದರೆ ಅಲ್ಲಿ ಕೇಳುವ ಪ್ರಶ್ನೆ ನೋಡಿ: ರಕ್ತ ಹೇಗೆ ಮಾಡಿದಿರಿ? ಚಾಕೊಲೇಟ್ ಸಿರಪ್. ಕಪ್ಪು ಬಿಳುಪಿನಲ್ಲಿ ಯಾರಿಗೆ ಗೊತ್ತಾಗುತ್ತದೆ? ದುಡ್ಡು ಹಾಕಿದವರಲ್ಲಿ ಒಬ್ಬ ಮಾಂಸದ ಅಂಗಡಿಯವ, ಹಾಗಾಗಿ ಕರುಳು, ಮಾಂಸ ಅವನ ಅಂಗಡಿಯದು. ಹೆಣಗಳೆಲ್ಲ ಗೆಳೆಯರು, ಸುತ್ತಮುತ್ತಲಿನ ಜನ. ನಿರ್ದೇಶಕ ಜಾರ್ಜ್ ರೊಮೆರೊ ಅದಕ್ಕೆ ಮೊದಲು ಜಾಹೀರಾತು ಚಿತ್ರ ಮಾಡಿಕೊಂಡಿದ್ದವರು. ಸಿನಿಮಾದ ಹೆಸರು ಬದಲಿಸುವಾಗ ವಿತರಕರು ಹಕ್ಕುಸ್ವಾಮ್ಯದ ಸಾಲು ಹಾಕಲು ಮರೆತರು. ಹಾಗಾಗಿ ಅದು ಎಲ್ಲರ ಸ್ವತ್ತಾಯಿತು, ನೀವೂ ನಿಮ್ಮ ಫೋನಿನಲ್ಲಿ ಪುಕ್ಕಟೆ ನೋಡಬಹುದು. ಮಾಡಿದವರಿಗೆ ನಷ್ಟ. ಬೀಳುವಂತಿದ್ದ ಸ್ಮಶಾನದ ಪ್ರಾರ್ಥನಾ ಮಂದಿರವನ್ನು ಅಭಿಮಾನಿಗಳೇ ಚಂದಾ ಎತ್ತಿ ದುರಸ್ತಿ ಮಾಡಿಸಿದರು.

ಇದೆಲ್ಲ ನಮಗೆ ಹೊಸದಲ್ಲ. ನಮ್ಮ ದಕ್ಷಿಣ ಕನ್ನಡದಲ್ಲಿ ಯಕ್ಷಗಾನದ ಚೌಕಿಗೆ ಇಣುಕದ ಮಕ್ಕಳುಂಟೇ? ಅಕ್ಕಿಹಿಟ್ಟಿನ ಚುಟ್ಟಿ ಇಟ್ಟು ಗಂಟೆಗಟ್ಟಲೆ ಮುಖ ಬರೆದುಕೊಳ್ಳುವ ಬಣ್ಣದ ವೇಷದವರನ್ನು ನಾವೂ ಬಾಗಿಲ ಸಂದಿಯಿಂದ ನೋಡಿದವರೇ. ಅರ್ಧ ಮುಖ ರಾಕ್ಷಸ, ಕೈಯಲ್ಲಿ ಚಹಾ ಗ್ಲಾಸು. ಆಮೇಲೆ ಅದೇ ವೇಷ ದೊಂದಿ ಬೆಳಕಿನಲ್ಲಿ ಸಭೆಯ ಮಧ್ಯದಿಂದ ಅಬ್ಬರಿಸುತ್ತ ಬಂದಾಗ ಅಮ್ಮನ ಸೆರಗಿನೊಳಗೆ ಮುಖ ಹುದುಗಿಸಿದ್ದೂ ನಾವೇ. ಹೆದರಿದೆವು, ಆದರೆ ಬೆಳಿಗ್ಗೆ ಎದ್ದು ಯಾರಿಗೂ ಕಲ್ಲು ಹೊಡೆಯಲಿಲ್ಲ.

ಕಲ್ಲಿನ ಮಾತು ಸುಮ್ಮನೆ ಬಂದದ್ದಲ್ಲ. ಎರಡು ವರ್ಷದ ಹಿಂದೆ ನಮ್ಮ ಭಾಗದ ಗ್ರೂಪುಗಳಲ್ಲಿ ಒಂದು ವಿಡಿಯೊ ಓಡಾಡಿತು. ರಾತ್ರಿ, ರಸ್ತೆ ತಿರುವು, ಬಿಳಿ ಸೀರೆ. ಇದು ನಮ್ಮದೇ ರಬ್ಬರ್ ತೋಟದ ತಿರುವು ಅಂತ ಯಾರೋ ಬರೆದರು. ನಾವೂ ಸುದ್ದಿ ಕಳಿಸಿದೆವು. ಶೀರ್ಷಿಕೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆವು, ಅದಿದ್ದರೆ ನಮ್ಮ ಮೇಲೆ ಏನೂ ಬರುವುದಿಲ್ಲ ಅಂತ. ಮೂರನೇ ದಿನ ನಸುಕಿಗೆ ತಲೆಗೆ ಲೈಟು ಕಟ್ಟಿಕೊಂಡು ಟ್ಯಾಪಿಂಗಿಗೆ ಹೊರಟ ಹೆಂಗಸಿನ ಮೇಲೆ ಇಬ್ಬರು ಹುಡುಗರು ಕಲ್ಲೆಸೆದರು. ಹಣೆಗೆ ಐದು ಹೊಲಿಗೆ. ಆಮೇಲೆ ಗೊತ್ತಾಯಿತು, ಅದು ಬೇರೆ ರಾಜ್ಯದ ಹುಡುಗರ ತಮಾಷೆ ವಿಡಿಯೊ. ಕೊನೆಯಲ್ಲಿ ಸೀರೆ ಉಟ್ಟವನು ಸೆರಗು ತೆಗೆದು ನಗುತ್ತಾನೆ. ಆ ಭಾಗವನ್ನು ಯಾರೋ ಕತ್ತರಿಸಿ ಹಂಚಿದ್ದರು.

ಕತ್ತರಿಸಿದ್ದು ಚೌಕಿಯನ್ನು. 2018ರಲ್ಲಿ ದೇಶವೆಲ್ಲ ಓಡಾಡಿದ ಮಕ್ಕಳ ಕಳ್ಳರ ಒಂದು ವಿಡಿಯೊ ಕೂಡ ಹೀಗೇ. ಕರಾಚಿಯಲ್ಲಿ ಜಾಗೃತಿಗೆಂದು ಮಾಡಿದ ಕಿರುಚಿತ್ರ ಅದು. ಮಗುವನ್ನು ವಾಪಸ್ ತಂದುಬಿಟ್ಟು ಫಲಕ ತೋರಿಸುವ ಕೊನೆ ಭಾಗ ಇಲ್ಲದೆ ಹಂಚಿದರು. ಅದೇ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು, ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದಿತು.

ದೆವ್ವದ ಸಿನಿಮಾ ನೋಡಬೇಡಿ ಅಂತ ನಾವು ಹೇಳುವುದಿಲ್ಲ. ನೋಡಿ, ಚೆನ್ನಾಗಿ ಹೆದರಿ. ನಮಗೆ ಬೇಕಾದದ್ದು ಆ ಮೇಜುಗಳು. ಊರಿನ ಯುವಕ ಮಂಡಲ ವಾರ್ಷಿಕೋತ್ಸವದಲ್ಲಿ ಒಂದು ಗಂಟೆ ಮೇಕಪ್‌ನವರನ್ನು ಕೂರಿಸಿ ಗಾಯ, ರಕ್ತ ಮಾಡಿ ತೋರಿಸಲಿ. ಶಾಲೆಯ ಮಕ್ಕಳೇ ಒಂದು ದೆವ್ವದ ವಿಡಿಯೊ ತೆಗೆದು, ಹೇಗೆ ತೆಗೆದೆವು ಅಂತಲೂ ತೋರಿಸಲಿ. ಹೆಚ್ಚೆಂದರೆ ಒಂದು ಬಿಳಿ ಬೆಡ್‌ಶೀಟಿನ ಖರ್ಚು. ನಮ್ಮಂಥ ವರದಿಗಾರರು ಇಂಥ ಸುದ್ದಿ ಹಾಕಿದರೆ, ವಿಡಿಯೊ ತೆಗೆದವರು ಯಾರು ಅಂತ ನೀವೇ ಫೋನು ಮಾಡಿ ಕೇಳಿ. ಕೋಪ ಬಂದರೂ ಉತ್ತರ ಕೊಡಬೇಕಾದವರು ನಾವು.

ಆ ಹೆಂಗಸಿನ ಮನೆಗೆ ಹೋಗಿದ್ದೆವು. ಬೈಯಲಿಲ್ಲ, ಚಹಾ ಕೊಟ್ಟರು. ಕಲ್ಲು ಬಿದ್ದ ಮೇಲೆ ಅವರು ಬೆಳಕು ಹರಿಯದೆ ಹೊರಡುವುದಿಲ್ಲ, ಬಿಸಿಲೇರಿದರೆ ಹಾಲು ಕಡಿಮೆ ಬರುತ್ತದೆ, ಕೂಲಿಯೂ ಕಡಿಮೆ. ವಾಪಸ್ ಬಂದು ನಾಲ್ಕು ಸಾಲಿನ ತಿದ್ದುಪಡಿ ಬರೆದು ಕಳಿಸಿದೆವು. ಜಾಗ ಇಲ್ಲ ಅಂದರು.