ಉಕ್ಕಿದ ಹೊಳೆ, ಬಿಟ್ಟುಹೋದ ಗೆರೆ

ಹೊಳೆ ಉಕ್ಕಿ ಹರಿಯುತ್ತಿದೆ. ಆದ್ದರಿಂದ ಮೇಲೆಲ್ಲೋ ಮಳೆಯಾಗಿದೆ. ಕಾರ್ಯವನ್ನು ಕಂಡು ಕಾರಣವನ್ನು ತಿಳಿಯುವುದಕ್ಕೆ ನಮ್ಮ ನೈಯಾಯಿಕರು ಕೊಟ್ಟ ಹಳೆಯ ಉದಾಹರಣೆ ಇದು. ಗೌತಮನ ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿ ಇದಕ್ಕೊಂದು ಆಕ್ಷೇಪವೂ ಇದೆ. ಯಾರೋ ಅಡ್ಡಗಟ್ಟಿದ್ದರೂ ಹೊಳೆ ಉಕ್ಕೀತು. ಆಗ ಮಳೆಯಾಗಿದೆ ಎನ್ನುವುದು ಹೇಗೆ? ಭಾಷ್ಯಕಾರ ವಾತ್ಸ್ಯಾಯನ ಇದಕ್ಕೆ ಕೊಡುವ ಉತ್ತರ ನನಗೆ ಬಹಳ ಇಷ್ಟ. ನೀರು ಏರಿದೆ ಎಂಬುದೊಂದೇ ಗುರುತಲ್ಲ. ಹರಿವಿನ ರಭಸ, ನೊರೆ, ತೇಲಿ ಬರುವ ಹಣ್ಣು, ಎಲೆ, ಕಟ್ಟಿಗೆ ಇವನ್ನೆಲ್ಲ ನೋಡಿದವನು ಮಳೆ ಎನ್ನುತ್ತಾನೆ. ಬರೀ ಏರಿದ ನೀರನ್ನು ನೋಡಿ ಹೇಳುವುದಿಲ್ಲ.

ಸೆಕೆಂಡ್‌ಹ್ಯಾಂಡ್ ದೊಡ್ಡ ಪ್ರಿಂಟರ್ ರಿಪೇರಿ ಮಾಡುವವರ ಪಕ್ಕದಲ್ಲಿ ನಿಂತಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಫೋಟೊ ಲ್ಯಾಬುಗಳೂ ಸ್ಟುಡಿಯೊಗಳೂ ಹೊಸದು ಕೊಂಡಾಗ ಮಾರಿಬಿಡುವ ಯಂತ್ರಗಳು ಇವು. ಎಪ್ಸನ್ ಕಂಪನಿ 2002ರಲ್ಲಿ ತಂದ ಸ್ಟೈಲಸ್ ಪ್ರೊ 9600 ಇವುಗಳ ಪೈಕಿ ಹೆಸರುವಾಸಿಯಾದದ್ದು. 44 ಇಂಚು ಅಗಲದ ಕಾಗದ, ಏಳು ಬಣ್ಣದ ಪಿಗ್ಮೆಂಟ್ ಇಂಕು, ಬಣ್ಣಕ್ಕೆ 96ರಂತೆ ಒಟ್ಟು 672 ನಾಝಲ್, ಅಂದರೆ ಇಂಕು ಹೊರಬರುವ ಸಣ್ಣ ರಂಧ್ರ. ಇದರ ಹೆಡ್ಡಿನಲ್ಲಿ ಶಾಖದ ಕೆಲಸವಿಲ್ಲ. ವಿದ್ಯುತ್ ಕೊಟ್ಟಾಗ ಬಾಗುವ ಪೀಜೊ ಹರಳು ಇಂಕನ್ನು ಒತ್ತಿ ಹನಿಯಾಗಿ ಉದುರಿಸುತ್ತದೆ. ಎಚ್‌ಪಿಯ ಡಿಸೈನ್‌ಜೆಟ್ 500ರಂಥ ಯಂತ್ರದಲ್ಲಿ ಇಂಕನ್ನು ಕ್ಷಣಮಾತ್ರ ಕಾಯಿಸಿ ಗುಳ್ಳೆ ಎಬ್ಬಿಸುತ್ತಾರೆ. ಅಲ್ಲಿ ಹೆಡ್ ಕೆಟ್ಟರೆ ಬಳಸುವವರೇ ಕಿತ್ತು ಇನ್ನೊಂದನ್ನು ಸಿಕ್ಕಿಸಬಹುದು. ಎಪ್ಸನ್ನಿನ ಹೆಡ್ ಯಂತ್ರದೊಂದಿಗೇ ಬಾಳಬೇಕಾದದ್ದು, ಅದನ್ನು ಬದಲಿಸುವುದು ದುಬಾರಿ. ಹಳೆಯ ಯಂತ್ರಕ್ಕೆ ಕೊಟ್ಟ ಬೆಲೆಗಿಂತ ಹೊಸ ಹೆಡ್ಡಿನ ಬೆಲೆಯೇ ಹೆಚ್ಚಾಗುವುದುಂಟು. ಆದ್ದರಿಂದ ಇಲ್ಲಿ ತಪ್ಪು ಊಹೆಗೆ ತೆರಬೇಕಾದ ದಂಡ ದೊಡ್ಡದು.

ಪ್ರಿಂಟಿನಲ್ಲಿ ಗೆರೆ ಬಿಟ್ಟುಹೋದರೆ ಅಂಗಡಿಯಲ್ಲಿ ಮೊದಲು ಬರುವ ಮಾತು ‘ಹೆಡ್ ಹೋಗಿದೆ’ ಎಂದು. ಅದರ ಹಿಂದೆಯೇ ಕ್ಲೀನಿಂಗ್ ಗುಂಡಿ ಒತ್ತುವುದು ಶುರುವಾಗುತ್ತದೆ. ಒಂದು ಸಲ, ಮತ್ತೊಂದು ಸಲ, ಸಾಲದೆಂದು ಪವರ್ ಕ್ಲೀನಿಂಗ್. ಪ್ರತಿ ಸಲವೂ ಇಂಕು ವೇಸ್ಟ್ ಟ್ಯಾಂಕಿಗೆ ಹೋಗುತ್ತದೆ, ಗೆರೆ ಮಾತ್ರ ಹಾಗೇ ಉಳಿಯುತ್ತದೆ. ಇದು ನೀರು ಏರಿದ್ದನ್ನು ಕಂಡ ಕೂಡಲೇ ಮಳೆಯೆಂದು ಕೂಗಿದಂತೆ. ಗೆರೆ ಬಿಟ್ಟಲ್ಲೆಲ್ಲ ಹೆಡ್ ಕೆಟ್ಟಿರಬೇಕೆಂಬ ವ್ಯಾಪ್ತಿ, ಅಂದರೆ ಎಂದೂ ತಪ್ಪದ ಸಂಬಂಧ, ಎಲ್ಲಿದೆ?

ನೊರೆಯನ್ನೂ ಎಲೆಯನ್ನೂ ನೋಡುವ ಬಗೆ ಹೀಗೆ. ನಡುವೆ ಕ್ಲೀನಿಂಗ್ ಮಾಡದೆ ನಾಝಲ್ ಚೆಕ್ಕನ್ನು, ಅಂದರೆ ಪ್ರತಿ ನಾಝಲ್ ಒಂದೊಂದು ಗೆರೆ ಎಳೆದು ತೋರಿಸುವ ಪರೀಕ್ಷಾ ಹಾಳೆಯನ್ನು, ಒಂದರ ಹಿಂದೊಂದು ಎರಡು ಮೂರು ಸಲ ತೆಗೆಯಬೇಕು. ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಪ್ರತಿ ಹಾಳೆಯಲ್ಲೂ ಅದೇ ಗೆರೆಗಳು ಅದೇ ಜಾಗದಲ್ಲಿ ಕಾಣೆಯಾಗಿದ್ದರೆ ಇಂಕು ಒಣಗಿ ನಾಝಲ್ ಕಟ್ಟಿಕೊಂಡಿರಬಹುದು, ಅಥವಾ ಅದರ ಹಿಂದಿನ ವಿದ್ಯುತ್ ಸತ್ತಿರಬಹುದು. ಹಾಳೆಯಿಂದ ಹಾಳೆಗೆ ಬೇರೆ ಬೇರೆ ಗೆರೆ ಮಾಯವಾದರೆ ಕಥೆಯೇ ಬೇರೆ. ನಾಝಲ್‌ಗಳು ಜೀವಂತವಾಗಿವೆ, ದಾರಿಯಲ್ಲೆಲ್ಲೋ ಗಾಳಿ ಸೇರಿದೆ. ಮೊದಲು ಪೂರ್ತಿ ಬಂದು, ದೊಡ್ಡ ಚಿತ್ರ ಅರ್ಧ ಮುಗಿಯುವಷ್ಟರಲ್ಲಿ ಒಂದು ಬಣ್ಣ ಸೊರಗುತ್ತ ಹೋದರೆ ಇಂಕು ಸಾಲದೆ ಹೋಗುತ್ತಿದೆ; ಹೆಡ್ಡಿಗೆ ಮೊದಲು ಇಂಕನ್ನು ಸೋಸಿ ಕೊಡುವ ಡ್ಯಾಂಪರ್ ಎಂಬ ಪುಟ್ಟ ಡಬ್ಬಿಯ ಮೇಲೆ ಅನುಮಾನ ಪಡಬೇಕು. ಮೂರೂ ಕಡೆ ಕಾಣುವುದು ‘ಗೆರೆ ಇಲ್ಲ’ ಎಂಬುದೇ. ಆ ಇಲ್ಲದಿರುವಿಕೆಯ ಬಗೆ ಮಾತ್ರ ಬೇರೆ ಬೇರೆ.

ಹೆಡ್ಡನ್ನು ಮುಟ್ಟುವ ಮೊದಲು ಅದು ಬಂದು ಕೂರುವ ಜಾಗವನ್ನು ನೋಡುವುದು ಒಳ್ಳೆಯದು. ಕೆಲಸವಿಲ್ಲದಾಗ ಹೆಡ್ ಬಲಗಡೆಯ ಕ್ಯಾಪಿಂಗ್ ಸ್ಟೇಷನ್ ಮೇಲೆ ಕೂತಿರುತ್ತದೆ. ಅದರ ರಬ್ಬರ್ ಅಂಚು ಬಿಗಿಯಾಗಿ ಮುಚ್ಚಿದರೆ ನಾಝಲ್ ಒಣಗುವುದಿಲ್ಲ, ಕೆಳಗಿನ ಪಂಪು ಎಳೆದಾಗ ಇಂಕು ಇಳಿಯುತ್ತದೆ. ಅಂಚಿನಲ್ಲಿ ಒಣಗಿದ ಇಂಕು ಗಟ್ಟಿಯಾಗಿ ಕೂತಿದ್ದರೆ ಪಂಪು ಎಳೆಯುವುದು ಗಾಳಿಯನ್ನೇ. ಆಗ ನೂರು ಸಲ ಕ್ಲೀನಿಂಗ್ ಮಾಡಿದರೂ ಹೆಡ್ಡಿಗೆ ಅದರ ಸುದ್ದಿಯೂ ಮುಟ್ಟುವುದಿಲ್ಲ. ಪರೀಕ್ಷೆ ಸುಲಭ. ಕ್ಯಾಪಿನಲ್ಲಿ ಕ್ಲೀನಿಂಗ್ ದ್ರವ ತುಂಬಿ ಪಂಪು ಓಡಿಸಿದಾಗ ಅದು ಖಾಲಿಯಾಗಬೇಕು, ಓಡಿಸದೆ ಬಿಟ್ಟರೆ ಬೆಳಗಿನವರೆಗೂ ಹಾಗೇ ನಿಂತಿರಬೇಕು. ಈ ಎರಡೂ ಆಗದಿದ್ದರೆ ಹೆಡ್ಡಿನ ಮೇಲೆ ದೂರು ಹೊರಿಸುವ ಹಕ್ಕು ನಮಗಿಲ್ಲ.

ಡ್ಯಾಂಪರಿನ ವಿಚಾರದಲ್ಲಂತೂ ಅನ್ವಯ ವ್ಯತಿರೇಕಗಳನ್ನು ಕೈಯಲ್ಲೇ ಹಿಡಿದು ನೋಡಬಹುದು. ಇದಿದ್ದರೆ ಅದಿದೆ, ಇದಿಲ್ಲದಿದ್ದರೆ ಅದಿಲ್ಲ ಎಂದು ತೋರಿಸಿದಾಗಲೇ ಕಾರಣ ಸಿದ್ಧವಾಗುತ್ತದೆ ಎಂಬ ನಿಯಮವದು. 9600ರಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಡ್ಯಾಂಪರ್. ಸೊರಗಿದ ಬಣ್ಣದ್ದನ್ನು ತೆಗೆದು ತೊಳೆದು, ಚೆನ್ನಾಗಿರುವ ಬಣ್ಣದ್ದರ ಜೊತೆ ಅದಲು ಬದಲು ಮಾಡಿದರೆ ದೋಷ ಡ್ಯಾಂಪರಿನೊಂದಿಗೆ ಹೋಯಿತೋ, ಹಳೆಯ ಜಾಗದಲ್ಲೇ ಉಳಿಯಿತೋ ಗೊತ್ತಾಗುತ್ತದೆ. ಸಿರಿಂಜಿನಿಂದ ಅದರ ಮೂಲಕ ಇಂಕು ಎಳೆದು ನೋಡುವುದು ಇನ್ನೂ ಸರಳ. ಸರಾಗವಾಗಿ ಬಂದರೆ ಕಾರ್ಟ್ರಿಜ್, ಕೊಳವೆ, ಡ್ಯಾಂಪರ್ ಮೂರೂ ನಿರ್ದೋಷಿಗಳು. ಉಳಿದದ್ದು ಹೆಡ್ ಮತ್ತು ಅದಕ್ಕೆ ಅಪ್ಪಣೆ ಕೊಡುವ ಬೋರ್ಡು. ಹೀಗೆ ಒಂದೊಂದನ್ನೇ ಕಳೆದು ಉಳಿದದ್ದನ್ನು ಹಿಡಿಯುವುದನ್ನು ವಾತ್ಸ್ಯಾಯನ, ಕಾರ್ಯದಿಂದ ಕಾರಣವನ್ನು ತಿಳಿಯುವ ಅನುಮಾನದ ಹೆಸರಾದ ‘ಶೇಷವತ್’ ಎಂಬುದರ ಇನ್ನೊಂದು ಅರ್ಥವಾಗಿ ಹೇಳುತ್ತಾನೆ.

ಸಿರಿಂಜಿನ ಬಗ್ಗೆ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ಕಟ್ಟಿಕೊಂಡ ನಾಝಲ್ ಬಿಡಿಸಲು ದ್ರವವನ್ನು ಜೋರಾಗಿ ಒತ್ತುವವರಿದ್ದಾರೆ. ಒತ್ತಡ ಹೆಚ್ಚಾದರೆ ಹೆಡ್ಡಿನ ಒಳಪದರವೇ ಬಿಟ್ಟುಕೊಂಡೀತು. ಸೋರಿದ ಹನಿ ಪಟ್ಟಿ ಕೇಬಲಿನ ಕನೆಕ್ಟರಿಗೆ ಇಳಿದು, ಒಣಗುವ ಮೊದಲೇ ಸ್ವಿಚ್ ಹಾಕಿದರೆ ಶಾರ್ಟ್ ಆಗಿ ಹೆಡ್ಡೂ ಬೋರ್ಡೂ ಒಟ್ಟಿಗೆ ಹೋಗುತ್ತವೆ. ಸುಟ್ಟ ಬೋರ್ಡನ್ನು ಪರೀಕ್ಷಿಸದೆ ಹೊಸ ಹೆಡ್ ಹಾಕಿದರೆ ಅದೂ ಸುಡುವ ಭಯವಿದೆ. ಕೇಬಲ್ ಮುಟ್ಟುವ ಮೊದಲು ಪ್ಲಗ್ ಕಿತ್ತಿಡಬೇಕು. ಮೆಲ್ಲಗೆ ನೆನೆಸಿ ರಾತ್ರಿಯಿಡೀ ಕಾಯುವುದೇ ಇಲ್ಲಿ ಅತ್ಯಂತ ಜಾಣತನದ ಕೆಲಸ.

ಹೆಡ್ಡನ್ನು ಹೊತ್ತು ಅತ್ತಿತ್ತ ಓಡುವ ಗಾಡಿ ದಡಕ್ಕನೆ ಬದಿಗೆ ಹೊಡೆದು ನಿಂತರೆ ಅಥವಾ ಅಕ್ಷರದ ಅಂಚು ನಡುಗಿದಂತೆ ಬಂದರೆ ಮೊದಲು ಒರೆಸಬೇಕಾದದ್ದು ಅದರ ಹಿಂದೆ ಉದ್ದಕ್ಕೆ ಎಳೆದಿರುವ ಪಾರದರ್ಶಕ ಎನ್‌ಕೋಡರ್ ಪಟ್ಟಿಯನ್ನು. ಅದರ ಮೇಲಿನ ಸಣ್ಣ ಗೀಟುಗಳನ್ನು ಎಣಿಸಿಕೊಂಡೇ ಗಾಡಿ ತಾನು ಎಲ್ಲಿದ್ದೇನೆಂದು ತಿಳಿಯುವುದು. ಒಂದು ಬೆರಳಗಲ ಇಂಕಿನ ಕಲೆಗೆ ಮೋಟಾರ್ ಬದಲಿಸಿದವರಿದ್ದಾರೆ.

ಇಷ್ಟು ವಿವೇಕವನ್ನು ಒಬ್ಬ ಮೆಕ್ಯಾನಿಕ್ ಕಂಡುಕೇಳಿಯೇ ಗಳಿಸಬೇಕಾಗಿರುವುದು ನನಗೆ ಸಂಕಟದ ಸಂಗತಿ. ಯಾವ ಗುರುತು ಯಾವ ಭಾಗವನ್ನು ತೋರಿಸುತ್ತದೆ ಎಂಬುದೆಲ್ಲ ಕಂಪನಿಗಳ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇದ್ದೇ ಇರುತ್ತದೆ. ಆದರೆ ಅದು ಸಾಮಾನ್ಯವಾಗಿ ತಮ್ಮ ಅಧಿಕೃತ ಕೇಂದ್ರಗಳಿಗೆ ಮಾತ್ರ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಚೌಕಟ್ಟು ರೂಪಿಸಲು ಸಮಿತಿ ನೇಮಿಸಿದಾಗ ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಎತ್ತಿಕೊಂಡಿತು. ಊರೂರಿನ ಮುದ್ರಣದಂಗಡಿಗಳ ಹೊಟ್ಟೆ ಹೊರೆಯುವ ಇಂಥ ಯಂತ್ರಗಳ ಕೈಪಿಡಿಯೂ ಬಿಡಿಭಾಗವೂ ಅದೇ ಗಂಭೀರತೆಯಿಂದ ಚರ್ಚೆಗೆ ಬರಬೇಕು.

ಅಲ್ಲಿಯವರೆಗೆ ಹಳೆಯ ಪ್ರಿಂಟರ್ ಕೊಳ್ಳಹೊರಟವರು ಒಂದು ಮಾತು ನೆನಪಿಡಲಿ. ಮಾರುವವರು ನೀವು ಬರುವ ಸ್ವಲ್ಪ ಮೊದಲು ಕ್ಲೀನಿಂಗ್ ಮಾಡಿಟ್ಟರೆ ನಾಝಲ್ ಚೆಕ್ ಚೊಕ್ಕಟವಾಗಿಯೇ ಬರುತ್ತದೆ. ಯಂತ್ರವನ್ನು ಒಂದು ರಾತ್ರಿ ಸುಮ್ಮನೆ ಬಿಡಲು ಹೇಳಿ, ಬೆಳಗ್ಗೆ ನಿಮ್ಮ ಕಣ್ಣೆದುರೇ ಮೊದಲ ಹಾಳೆ ತೆಗೆಸಿ. ಆಮೇಲೆ ಅಗಲಕ್ಕೂ ಗಾಢ ಬಣ್ಣ ತುಂಬಿದ ಒಂದು ಚಿತ್ರ ಹಾಕಿಸಿ, ಅದು ಮುಗಿದ ಕೂಡಲೇ ಎರಡನೆಯ ಹಾಳೆ ತೆಗೆಸಿ. ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ಗೆರೆ ಗೆರೆಯಾಗಿ ಹೋಲಿಸಿ ನೋಡಿದ ಮೇಲೆ ಬೆಲೆಯ ಮಾತು ಆಡಿ.