ವಾಪಸ್ ಬಂದ ಹುಡುಗನಿಂದ ಏನನ್ನು ಕೇಳಬೇಕು?

2015ರ ಜನವರಿ. ಲಿಯಾನ್ ಡ್ರೈಸೈಟ್ಲ್ ಎಂಬ ಹತ್ತೊಂಬತ್ತು ವರ್ಷದ ಜರ್ಮನ್ ಹುಡುಗನನ್ನು ಎಡ್ಮಂಟನ್ ಆಯ್ಲರ್ಸ್ ತಂಡ ಜೂನಿಯರ್ ಐಸ್ ಹಾಕಿಗೆ ವಾಪಸ್ ಕಳಿಸಿತು. ಹಿಂದಿನ ಬೇಸಿಗೆಯ ಡ್ರಾಫ್ಟ್‌ನಲ್ಲಿ ಇಡೀ ಜಗತ್ತಿನ ಹುಡುಗರ ಪೈಕಿ ಮೂರನೆಯವನಾಗಿ ಅವನನ್ನು ಆರಿಸಿಕೊಂಡಿದ್ದೂ ಇದೇ ತಂಡ. ಎನ್‌ಎಚ್‌ಎಲ್ ಎಂಬ ದೊಡ್ಡ ವೃತ್ತಿಪರ ಲೀಗಿನಲ್ಲಿ ಅವನು ಆಡಿದ್ದು 37 ಪಂದ್ಯ, ಹೊಡೆದದ್ದು 2 ಗೋಲು. ಈಗ ಮತ್ತೆ ಬಸ್ ಪ್ರಯಾಣ, ಹದಿನಾರು ವರ್ಷದವರ ಪಕ್ಕ ಬೆಂಚಿನಲ್ಲಿ ಜಾಗ. ಕಾಲೇಜು ಮೆಟ್ಟಿಲು ಹತ್ತಿದವನನ್ನು ಪುನಃ ಹೈಸ್ಕೂಲಿಗೆ ಕೂರಿಸಿದ ಹಾಗೆ. ಅಂಥವನಿಂದ ಜೂನಿಯರ್ ತಂಡ ಏನನ್ನು ನಿರೀಕ್ಷಿಸಬೇಕು?

ಹಾಕಿ ಎಂದೊಡನೆ ಕೊಡಗು ಕಣ್ಣಮುಂದೆ ಬರುವ ನಮಗೆ ಈ ವ್ಯವಸ್ಥೆ ಹೊಸದು, ಹಾಗಾಗಿ ಎರಡು ಮಾತು. ಕೆನಡಿಯನ್ ಹಾಕಿ ಲೀಗ್ ಎಂಬ ಸೂರಿನ ಕೆಳಗೆ ಮೂರು ಲೀಗುಗಳಿವೆ: ಪಶ್ಚಿಮಕ್ಕೆ ವೆಸ್ಟರ್ನ್, ನಡುವೆ ಒಂಟಾರಿಯೊ, ಪೂರ್ವಕ್ಕೆ ಕ್ವಿಬೆಕ್. ಅಮೆರಿಕದ ಕೆಲವು ಊರುಗಳ ತಂಡಗಳೂ ಇವುಗಳಲ್ಲಿ ಆಡುತ್ತವೆ. ಆಟಗಾರರು ಹೆಚ್ಚುಕಡಿಮೆ ಎಲ್ಲರೂ 16ರಿಂದ 20 ವರ್ಷದವರು. ದೂರದ ಊರಿನಿಂದ ಬಂದವರು ‘ಬಿಲೆಟ್’ ಕುಟುಂಬವೊಂದರ ಮನೆಯಲ್ಲಿ ಉಂಡು, ಮಲಗಿ, ಅಲ್ಲಿಂದಲೇ ಶಾಲೆಗೂ ರಿಂಕಿಗೂ ಓಡಾಡುತ್ತಾರೆ. ವೆಸ್ಟರ್ನ್ ಮತ್ತು ಒಂಟಾರಿಯೊ ಲೀಗುಗಳಲ್ಲಿ ಒಂದು ಋತುವಿಗೆ 68 ಪಂದ್ಯ. ಮೂರು ಲೀಗುಗಳ ಚಾಂಪಿಯನ್ನರು, ಜೊತೆಗೆ ಆತಿಥೇಯ ತಂಡ, ಕೊನೆಯಲ್ಲಿ ಮೆಮೋರಿಯಲ್ ಕಪ್‌ಗೆ ಸೆಣಸುತ್ತವೆ. 1919ರಿಂದ ಇರುವ ಕಪ್ ಅದು.

ವಯಸ್ಸಿನ ಮಿತಿ ಇರುವುದರಿಂದ ಇಲ್ಲಿ ಯಾವ ತಂಡವೂ ಎರಡು ವರ್ಷ ಒಂದೇ ಆಗಿರುವುದಿಲ್ಲ. ದೊಡ್ಡವರು ಹೋಗುತ್ತಾರೆ, ಹದಿನಾರರ ಹೊಸಬರು ಬರುತ್ತಾರೆ. ನಡುವೆ ಉಳಿಯುವವರೇ ಹಳಬರು. ಆಗಸ್ಟ್ ಕೊನೆಗೆ ತರಬೇತಿ ಶಿಬಿರ ತೆರೆದಾಗ ಕೋಚ್ ಮೊದಲು ನೋಡುವುದು ಇವರನ್ನೇ. ಬೇಸಿಗೆಯಲ್ಲಿ ಮೈ ಬೆಳೆಸಿಕೊಂಡು ಬಂದಿದ್ದಾನೋ, ಬೊಜ್ಜು ಬೆಳೆಸಿಕೊಂಡು ಬಂದಿದ್ದಾನೋ ಎಂಬುದು ಮೊದಲ ದಿನದ ಸ್ಕೇಟಿಂಗಿನಲ್ಲೇ ಗೊತ್ತಾಗಿಬಿಡುತ್ತದೆ. ಮೈ ಗಟ್ಟಿಮಾಡಿಕೊಂಡು ಬರಲಿ ಎಂಬ ಈ ನಿರೀಕ್ಷೆಯ ಬಗ್ಗೆ ತಕರಾರೇನೂ ಇಲ್ಲ. ತಕರಾರಿರುವುದು ಅಂಕಗಳ ಬಗ್ಗೆ.

ಐಸ್ ಹಾಕಿಯಲ್ಲಿ ಗೋಲು ಹೊಡೆದವನಿಗೆ ಒಂದು ಅಂಕ. ಅದಕ್ಕೆ ಮುಂಚೆ ಪಕ್ ಎಂಬ ರಬ್ಬರ್ ಬಿಲ್ಲೆ ದಾಟಿಸಿದ ಇಬ್ಬರಿಗೂ ಒಂದೊಂದು ಅಂಕ ಸಿಗಬಹುದು. ಹೋದ ವರ್ಷ ಹುಡುಗ ಐವತ್ತು ಅಂಕ ಗಳಿಸಿದ್ದರೆ, ಈ ವರ್ಷ ಎಪ್ಪತ್ತಾದರೂ ಬೇಕು ಎನ್ನುತ್ತಾರೆ ಅಭಿಮಾನಿಗಳು. ಅಪ್ಪ ಅಮ್ಮ ಬಾಯಿಬಿಟ್ಟು ಹೇಳದಿದ್ದರೂ ಅವರ ಮನಸ್ಸಿನಲ್ಲೂ ಅದೇ ಲೆಕ್ಕ. ವಯಸ್ಸು ಒಂದು ವರ್ಷ ಹೆಚ್ಚಾಯಿತು, ಅಂಕವೂ ಹೆಚ್ಚಾಗಲಿ ಎಂಬ ಈ ಬಡ್ಡಿ ಲೆಕ್ಕ ನೋಡಲು ನ್ಯಾಯವಾಗಿಯೇ ಇದೆ. ಆದರೆ ಹಾಕಿಗೆ ಅದು ಹೊಂದುವುದಿಲ್ಲ.

ಏಕೆಂದರೆ ಹೋದ ವರ್ಷ ಅವನು ಆಡಿದ್ದು ಹತ್ತೊಂಬತ್ತು, ಇಪ್ಪತ್ತರ ಅಣ್ಣಂದಿರ ಜೊತೆ. ಎದುರಾಳಿಯ ಗಟ್ಟಿ ಡಿಫೆನ್ಸ್ ಜೋಡಿ ಕಾಯುತ್ತಿದ್ದದ್ದು ಆ ಅಣ್ಣಂದಿರನ್ನು. ಇವನಿಗೆ ಎದುರಾಗುತ್ತಿದ್ದವರು ಎರಡನೆಯ, ಮೂರನೆಯ ಸಾಲಿನವರು. ಈಗ ಅಣ್ಣಂದಿರು ಹೊರಟುಹೋಗಿದ್ದಾರೆ, ಆ ಗಟ್ಟಿ ಜೋಡಿ ಇವನ ಬೆನ್ನು ಹತ್ತಿದೆ. ಪಕ್ಕದಲ್ಲಿ ಆಡುವವನೋ, ಈಗಷ್ಟೇ ಊರು ಬಿಟ್ಟು ಬಂದ ಹದಿನಾರರ ಹುಡುಗ. ಇವನು ಸರಿಯಾಗಿ ದಾಟಿಸಿದರೂ ಆ ಹುಡುಗನ ಕೋಲಿಗೆ ಪಕ್ ಕೂರುವುದಿಲ್ಲ. ಆಟಗಾರ ಬೆಳೆದಿರುತ್ತಾನೆ, ಅಂಕ ಇಳಿದಿರುತ್ತದೆ.

ಅದರ ಮೇಲೆ ಕೆಲಸವೂ ಬದಲಾಗುತ್ತದೆ. ತಪ್ಪು ಮಾಡಿದವನು ಎರಡು ನಿಮಿಷ ಪೆನಾಲ್ಟಿ ಪೆಟ್ಟಿಗೆಯಲ್ಲಿ ಕೂತಾಗ ತಂಡ ಒಬ್ಬ ಕಡಿಮೆಯಾಗಿ ಆಡಬೇಕು. ಐವರ ಎದುರು ನಾಲ್ವರು, ಜೊತೆಗೆ ಗೋಲ್‌ಕೀಪರ್. ಆಗ ಬೇಕಾದವರು ಹಾರಿ ಬರುವ ಪಕ್‌ಗೆ ಮೈಯೊಡ್ಡುವವರು, ಆಟ ಮತ್ತೆ ಶುರುವಾಗುವ ಫೇಸ್‌ಆಫ್ ಗೆದ್ದು ಪಕ್ಕನ್ನು ದೂರ ತಳ್ಳುವವರು. ಈ ಕೆಲಸಕ್ಕೆ ಅಂಕವಿಲ್ಲ, ಚಪ್ಪಾಳೆಯೂ ಕಡಿಮೆ, ಕಣಕಾಲಿಗೆ ಮಾತ್ರ ಪೆಟ್ಟು ಖಾತ್ರಿ. ಕೋಚ್ ಇದನ್ನು ಹೊಸಬನಿಗೆ ವಹಿಸುವುದು ಅಪರೂಪ. ಹೋದ ವರ್ಷ ಗೋಲು ಹೊಡೆಯಲೆಂದೇ ಮಂಜಿನ ಮೇಲೆ ಇಳಿಯುತ್ತಿದ್ದವನಿಗೆ ಈ ವರ್ಷ ಗೋಲು ತಡೆಯುವ ಪಾಳಿ. ಹಳಬನಿಂದ ತಂಡ ಕೇಳಬೇಕಾದದ್ದು ಹೆಚ್ಚು ಅಂಕವನ್ನಲ್ಲ, ಬೇರೆ ಕೆಲಸವನ್ನು ಎಂದು ನಾನು ಹೇಳುವುದು ಇದಕ್ಕೇ.

ಒಂಟಾರಿಯೊ ಲೀಗಿನ ಲಂಡನ್ ನೈಟ್ಸ್ ತಂಡದ ಈಸ್ಟನ್ ಕೋವನ್‌ನನ್ನು ತೆಗೆದುಕೊಳ್ಳಿ. 2023–24ರಲ್ಲಿ 54 ಪಂದ್ಯಗಳಲ್ಲಿ 96 ಅಂಕ, ಲೀಗಿನ ಶ್ರೇಷ್ಠ ಆಟಗಾರನೆಂಬ ಬಿರುದು. ಆ ವರ್ಷದ ಮೆಮೋರಿಯಲ್ ಕಪ್ ಫೈನಲ್‌ನಲ್ಲಿ ಮಾತ್ರ ಲಂಡನ್, ಆತಿಥೇಯ ಸ್ಯಾಗಿನಾ ತಂಡಕ್ಕೆ 4–3ರಲ್ಲಿ ಸೋತಿತು. ಸೋಲಿಸಿದ ಗೋಲು ಬಿದ್ದದ್ದು ಕೊನೆಯ ಅರ್ಧ ನಿಮಿಷದಲ್ಲಿ. ಕೋವನ್ ಟೊರಾಂಟೊ ಮೇಪಲ್ ಲೀಫ್ಸ್ ಆರಿಸಿಕೊಂಡಿದ್ದ ಹುಡುಗ. ಮುಂದಿನ ಋತುವಿನಲ್ಲಿ ಎನ್‌ಎಚ್‌ಎಲ್ ಸೇರುವ ಆಸೆ ಅವನಿಗಿರಲಿಲ್ಲ ಎಂದರೆ ಯಾರು ನಂಬುತ್ತಾರೆ? ಆದರೆ ಲಂಡನ್‌ಗೇ ವಾಪಸ್ಸಾದ. 2024–25ರಲ್ಲಿ 46 ಪಂದ್ಯ, 69 ಅಂಕ. ಪಂದ್ಯಕ್ಕಿಷ್ಟು ಎಂದು ಭಾಗಿಸಿದರೂ ಹಿಂದಿನ ವರ್ಷಕ್ಕಿಂತ ಕಡಿಮೆಯೇ. ಬಡ್ಡಿ ಲೆಕ್ಕದವರ ಪ್ರಕಾರ ಅದು ಇಳಿಮುಖ. ಆದರೆ ಆ ಋತುವಿನ ಕೊನೆಗೆ ಲಂಡನ್ ತಂಡ ರಿಮೂಸ್ಕಿಯಲ್ಲಿ ಮೆಡಿಸಿನ್ ಹ್ಯಾಟ್ ಟೈಗರ್ಸನ್ನು 4–1ರಿಂದ ಸೋಲಿಸಿ ಮೆಮೋರಿಯಲ್ ಕಪ್ ಎತ್ತಿತು. ಪಂದ್ಯಾವಳಿಯ ಶ್ರೇಷ್ಠ ಆಟಗಾರ ಅದೇ ಕೋವನ್.

ಇನ್ನು ನಡತೆಯ ಮಾತು. ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ ಎಂಬ ಗಾದೆ ಲಾಕರ್ ಕೋಣೆಗೆ ಹೇಳಿ ಮಾಡಿಸಿದಂತಿದೆ. ಹೊಸಬ ಕೋಚ್ ಹೇಳಿದ್ದನ್ನು ಕೇಳುತ್ತಾನೆ, ಆದರೆ ಹಳಬ ಮಾಡುವುದನ್ನು ಮಾಡುತ್ತಾನೆ. ಸೋತ ರಾತ್ರಿ ಬಸ್ಸಿನಲ್ಲಿ ಹೇಗೆ ಕೂರಬೇಕು, ಬಿಲೆಟ್ ಮನೆಯಲ್ಲಿ ತಟ್ಟೆ ತೊಳೆಯಬೇಕೇ ಬೇಡವೇ, ಪರೀಕ್ಷೆಯ ಹಿಂದಿನ ದಿನ ಪಂದ್ಯವಿದ್ದರೆ ಓದುವುದು ಯಾವಾಗ, ಇವೆಲ್ಲ ಹಳಬರಿಂದಲೇ ದಾಟಿ ಬರುವ ವಿದ್ಯೆಗಳು. ಜೆರ್ಸಿಯ ಮೇಲೆ ನಾಯಕನ ‘ಸಿ’ ಅಕ್ಷರ ಇರುವುದು ಒಬ್ಬನಿಗೇ. ಹೊಸಬರು ನೋಡಿ ಕಲಿಯುವುದು ಎಲ್ಲ ಹಳಬರಿಂದ.

ಹೀಗೆ ದಾಟಿ ಬರುವ ನಡತೆಗೊಂದು ಕತ್ತಲ ಮುಖವೂ ಇದೆ. ಸ್ವಿಫ್ಟ್ ಕರೆಂಟ್ ಬ್ರಾಂಕೋಸ್ ತಂಡದ ಬಸ್ಸು 1986ರ ಡಿಸೆಂಬರ್ 30ರಂದು ಉರುಳಿ ನಾಲ್ವರು ಆಟಗಾರರು ಸತ್ತರು. ಉಳಿದವರು ಮತ್ತೆ ಆಡಲು ಇಳಿದರು. 1989ರಲ್ಲಿ ತಂಡ ಮೆಮೋರಿಯಲ್ ಕಪ್ಪನ್ನೂ ಗೆದ್ದಿತು. ಛಲಕ್ಕೆ ಉದಾಹರಣೆಯಾಗಿ ಈ ಕಥೆ ಎಷ್ಟೋ ವರ್ಷ ಓಡಾಡಿತು. ಆಮೇಲೆ ಅದೇ ತಂಡದ ಶೆಲ್ಡನ್ ಕೆನಡಿ ಬಾಯಿಬಿಟ್ಟರು. ಕೋಚ್ ಗ್ರಹಾಂ ಜೇಮ್ಸ್ ತಮ್ಮ ಮೇಲೆ ವರ್ಷಗಟ್ಟಲೆ ಲೈಂಗಿಕ ದೌರ್ಜನ್ಯ ಎಸಗಿದ್ದರು ಎಂಬುದು ಹೊರಬಂತು. 1997ರಲ್ಲಿ ಜೇಮ್ಸ್ ತಪ್ಪೊಪ್ಪಿಕೊಂಡು ಜೈಲಿಗೆ ಹೋದರು. ಸಹಿಸಿಕೋ, ತಂಡದ ಮಾತು ತಂಡದೊಳಗೇ ಇರಲಿ ಎಂಬುದೂ ಒಂದು ನಿರೀಕ್ಷೆಯೇ. ಅದನ್ನು ಯಾವ ಹಳಬನಿಂದಲೂ, ಯಾವ ಹೊಸಬನಿಂದಲೂ ಕೇಳುವಂತಿಲ್ಲ.

ಇಪ್ಪತ್ತು ವರ್ಷದವರ ಕಷ್ಟವೇ ಬೇರೆ. ‘ಓವರ್‌ಏಜ್’ ಎನಿಸಿಕೊಳ್ಳುವ ಇವರಿಗೆ ತಂಡವೊಂದರಲ್ಲಿ ಮೂರೇ ಜಾಗ. ಶಿಬಿರಕ್ಕೆ ನಾಲ್ವರು ಬಂದರೆ, ನಾಲ್ಕು ವರ್ಷ ಒಟ್ಟಿಗೆ ಬಸ್ಸಿನಲ್ಲಿ ತೂಕಡಿಸಿದವರಲ್ಲೇ ಒಬ್ಬ ಗಂಟುಮೂಟೆ ಕಟ್ಟಬೇಕು. ನಿಷ್ಠೆಯಿಂದ ವಾಪಸ್ ಬಂದವನನ್ನು ತಂಡ ಅಕ್ಟೋಬರಿನಲ್ಲಿ ಬೇರೆ ಊರಿಗೆ ಮಾರಿಬಿಡಬಹುದು. ತಂಡ ಹುಡುಗನಿಂದ ನಿಷ್ಠೆ ಕೇಳುವಷ್ಟೇ ಗಟ್ಟಿಯಾಗಿ ಹುಡುಗ ತಂಡದಿಂದ ಕೇಳುವಂತಿರಲಿಲ್ಲ. ವೆಸ್ಟರ್ನ್ ಲೀಗಿನಲ್ಲಿ ಆಡಿದ ಪ್ರತಿ ಋತುವಿಗೆ ಒಂದು ವರ್ಷದ ಕಾಲೇಜು ಶುಲ್ಕ, ಪುಸ್ತಕದ ಖರ್ಚು ಸಿಗುತ್ತದೆ ಎಂಬುದೊಂದು ಸಮಾಧಾನ.

ಈಗ ತಕ್ಕಡಿ ಹುಡುಗನ ಕಡೆಗೆ ಸ್ವಲ್ಪ ವಾಲಿದೆ. ಜೂನಿಯರ್ ಲೀಗಿನಲ್ಲಿ ಆಡಿದವನಿಗೆ ಅಮೆರಿಕದ ಕಾಲೇಜು ಹಾಕಿಯ ಬಾಗಿಲು ಮುಚ್ಚಿಹೋಗುತ್ತಿತ್ತು. 2024ರ ನವೆಂಬರಿನಲ್ಲಿ ಅಲ್ಲಿನ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ಆ ನಿಯಮ ಸಡಿಲಿಸಿತು, 2025ರ ಆಗಸ್ಟಿನಿಂದ ಅದು ಜಾರಿಗೆ ಬಂತು. 2024–25ರಲ್ಲಿ ಮೆಡಿಸಿನ್ ಹ್ಯಾಟ್ ಪರವಾಗಿ 56 ಪಂದ್ಯಗಳಲ್ಲಿ 129 ಅಂಕ ಗಳಿಸಿದ್ದ ಹದಿನೇಳರ ಗ್ಯಾವಿನ್ ಮೆಕ್ಕೆನ್ನಾ, ಆ ಬೇಸಿಗೆಯಲ್ಲೇ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ದಾರಿ ಹಿಡಿದ. ಹಾಗಾಗಿ ಈಗ ಜೂನಿಯರ್ ತಂಡಕ್ಕೆ ವಾಪಸ್ ಬರುವವರಲ್ಲಿ ಬೇರೆ ದಾರಿ ಇದ್ದೂ ಬಂದವರಿರುತ್ತಾರೆ. ನಿನ್ನ ಕೆಲಸ ಯಾವುದು, ನಿನ್ನನ್ನು ಎಷ್ಟು ಹೊತ್ತು ಆಡಿಸುತ್ತೇವೆ, ನಿನ್ನ ಓದಿನ ಗತಿಯೇನು ಎಂದು ತಂಡ ಮೊದಲೇ ಬಿಡಿಸಿ ಹೇಳಬೇಕಾಗಿದೆ. ಇದು ಮೊದಲೇ ಆಗಬೇಕಿತ್ತು.

ಮೊದಲು ಹೇಳಿದ ಡ್ರೈಸೈಟ್ಲ್ ವಾಪಸ್ ಹೋದದ್ದು ತನ್ನ ಹಳೆಯ ಪ್ರಿನ್ಸ್ ಆಲ್ಬರ್ಟ್ ತಂಡಕ್ಕೂ ಅಲ್ಲ, ಅದಲುಬದಲಿನಲ್ಲಿ ಅವನನ್ನು ಪಡೆದುಕೊಂಡ ಕೆಲೋನಾ ರಾಕೆಟ್ಸ್‌ಗೆ. ಮುಖ ಸೊಟ್ಟ ಮಾಡಿಕೊಂಡು ಉಳಿದ ತಿಂಗಳುಗಳನ್ನು ತಳ್ಳಬಹುದಿತ್ತು. ಬದಲಿಗೆ ತಂಡಕ್ಕೆ ಲೀಗ್ ಪ್ರಶಸ್ತಿ ಗೆಲ್ಲಿಸಿಕೊಟ್ಟ. ಮೆಮೋರಿಯಲ್ ಕಪ್ ಫೈನಲ್‌ನಲ್ಲಿ ಕೆಲೋನಾ ಹೆಚ್ಚುವರಿ ಅವಧಿಯಲ್ಲಿ ಸೋತರೂ ಪಂದ್ಯಾವಳಿಯ ಶ್ರೇಷ್ಠ ಆಟಗಾರ ಅವನೇ ಆದ. ಐದು ವರ್ಷದ ಬಳಿಕ ಎನ್‌ಎಚ್‌ಎಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿಯೂ ಬಂತು.

ಕನ್ನಡಿಗರು ಬಹಳಷ್ಟು ಮಂದಿ ನೆಲೆಸಿರುವ ಟೊರಾಂಟೊ ಸೀಮೆಯ ಬ್ರಾಂಪ್ಟನ್‌ಗೆ 2024ರಲ್ಲಿ ಒಂಟಾರಿಯೊ ಲೀಗಿನ ತಂಡವೊಂದು ಬಂದಿದೆ. ಅಲ್ಲಿರುವ ಓದುಗರು ಒಂದು ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ. ಗೋಲು ಯಾರು ಹೊಡೆದರೆಂದು ಫಲಕವೇ ತೋರಿಸುತ್ತದೆ. ನೀವು ಪೆನಾಲ್ಟಿಯ ಎರಡು ನಿಮಿಷದಲ್ಲಿ ಯಾವ ಹುಡುಗರು ಮಂಜಿಗಿಳಿಯುತ್ತಾರೆ, ವಾಪಸ್ ಬಂದು ಬೆಂಚಿನಲ್ಲಿ ಯಾರ ಪಕ್ಕ ಕೂರುತ್ತಾರೆ ಎಂದು ನೋಡಿ.