ಬಳಸದಿದ್ದರೆ ದಂಡವೇ?

ಕಳೆದ ವರ್ಷ ಆಷಾಢದಲ್ಲಿ ನನಗೆ ತುರ್ತು ಶಸ್ತ್ರಚಿಕಿತ್ಸೆಯಾದ ಸಂಗತಿ ನಿಮ್ಮಲ್ಲಿ ಹಲವರಿಗೆ ತಿಳಿದಿದೆ. ಹೊಕ್ಕುಳ ಸುತ್ತ ಹುಟ್ಟಿದ ನೋವು ಬಲಗಡೆಯ ಕಿಬ್ಬೊಟ್ಟೆಗೆ ಇಳಿಯಿತು. ವಾಯುವೆಂದು ಬಗೆದು, ಓಮದ ಕಷಾಯ ಕುಡಿದು ಒಂದೂವರೆ ದಿನ ಮಲಗಿದೆ. ಎರಡನೆಯ ರಾತ್ರಿ ಚಳಿಜ್ವರ ಬಂದು, ಮಗ ಆಸ್ಪತ್ರೆಗೆ ಸೇರಿಸುವ ವೇಳೆಗೆ ಅಪೆಂಡಿಕ್ಸ್ ಒಡೆದು ಕೀವು ಹೊಟ್ಟೆಯೊಳಗೆ ಹರಡಿತ್ತು. "ನಿನ್ನೆಯೇ ಬಂದಿದ್ದರೆ ಎರಡು ದಿನದಲ್ಲಿ ಮನೆಗೆ ಕಳಿಸುತ್ತಿದ್ದೆವು ಸಾರ್" ಎಂದರು ವೈದ್ಯರು. ನಾನು ಒಂಬತ್ತು ದಿನ ಅಲ್ಲಿದ್ದೆ.

ನಿಜ ಹೇಳಬೇಕೆಂದರೆ, ಅದು ವಾಯುವಲ್ಲವೆಂಬ ಅನುಮಾನ ನನಗೆ ಮೊದಲ ದಿನವೇ ಇತ್ತು. ಸುಮ್ಮನಿದ್ದುದು ಖರ್ಚಿಗೆ ಹೆದರಿ. ಸೊಸೆ ಆರು ವರ್ಷಗಳ ಹಿಂದೆ ಹಟ ಹಿಡಿದು ಮಾಡಿಸಿದ್ದ ಆರೋಗ್ಯ ವಿಮೆ ಬೀರುವಿನಲ್ಲಿದ್ದರೂ ಅದರ ನೆನಪಾಗಲಿಲ್ಲ. ವರ್ಷವರ್ಷವೂ ಕಂತು ಕಟ್ಟುವಾಗ "ದಂಡ" ಎಂದು ಗೊಣಗಿದವನು ನಾನೇ ತಾನೆ! ಬಿಲ್ಲು 2,14,000 ರೂಪಾಯಿ ಆಯಿತು. ಅದರಲ್ಲಿ 1,83,000 ವಿಮೆಯಿಂದ ಬಂದಿತು.

ಇಷ್ಟಾದ ಮೇಲೂ ನನ್ನನ್ನು ನೋಡಲು ಬಂದ ಬಂಧುಗಳೊಬ್ಬರು, "ಕಾಯಿಲೆ ಬಾರದಿದ್ದರೆ ಕಟ್ಟಿದ್ದೆಲ್ಲ ನೀರುಪಾಲು" ಎಂದರು. ಕಳ್ಳ ಬರಲಿಲ್ಲವೆಂದು ಬೀಗದ ಬೆಲೆಯನ್ನು ವಾಪಸು ಕೇಳುವವರುಂಟೇ? ಇನ್ನೊಬ್ಬರು "ಮಕ್ಕಳಿದ್ದಾರಲ್ಲ" ಎಂದರು. 1984ರಲ್ಲಿ ನನ್ನ ತಂದೆಯವರ ಶಸ್ತ್ರಚಿಕಿತ್ಸೆಗೆ ತಾಯಿಯ ಕೈಬಳೆಗಳನ್ನು ಮಾರಿಬಂದ ಮಗ ನಾನು. ಆ ಬರಿಗೈಗಳನ್ನು ಆಕೆ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದುದನ್ನು ಕಂಡವನು "ಮಕ್ಕಳಿದ್ದಾರೆ" ಎಂದು ಹೇಗೆ ಹೇಳಲಿ?

ವಿಮಾ ಕಂಪನಿಗಳೇನು ಧರ್ಮಛತ್ರಗಳಲ್ಲ, ಒಪ್ಪುತ್ತೇನೆ. ನನಗೆ 31,000 ರೂಪಾಯಿ ಕಡಿತವಾದ ಲೆಕ್ಕ ಕೇಳಿ. ನನ್ನ ಪಾಲಿಸಿಯಲ್ಲಿ ಕೊಠಡಿ ಬಾಡಿಗೆಯ ಮಿತಿ ದಿನಕ್ಕೆ 4,000. ನಾವು ಪಡೆದದ್ದು 5,000ದ ಕೊಠಡಿ. ಬಾಡಿಗೆಯ ವ್ಯತ್ಯಾಸ 9,000 ಮಾತ್ರವಲ್ಲ, ವೈದ್ಯರ ಶುಲ್ಕ ಮತ್ತು ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕ ಸೇರಿ 1,10,000ದಲ್ಲೂ ಐದರಲ್ಲಿ ಒಂದು ಪಾಲು ಹೋಯಿತು. ಮೂವತ್ತು ವರ್ಷ ತ್ರೈರಾಶಿ ಕಲಿಸಿದವನು ತನ್ನ ಪಾಲಿಸಿಯ ತ್ರೈರಾಶಿಯನ್ನೇ ಓದಿರಲಿಲ್ಲ! ತಪ್ಪು ಓದದ ನನ್ನದು. ಅದಕ್ಕಾಗಿ ವಿಮೆಯೇ ಬೇಡವೆನ್ನುವುದು, ಮೂಗಿಗೆ ನೆಗಡಿಯೆಂದು ಮೂಗನ್ನೇ ಕೊಯ್ದುಕೊಂಡಂತೆ.

"ವಯಸ್ಸಾಯಿತು, ಇನ್ನು ಯಾರು ಕೊಡುತ್ತಾರೆ" ಎನ್ನುವವರೂ ಇದ್ದಾರೆ. ಹೊಸ ಪಾಲಿಸಿಗಿದ್ದ 65 ವರ್ಷದ ಮಿತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ತೆಗೆದಿದೆ. ಮೊದಲೇ ಇದ್ದ ಕಾಯಿಲೆಗಳಿಗೆ ಕಾಯಬೇಕಾದ ಗರಿಷ್ಠ ಅವಧಿಯೂ ಅದೇ ವರ್ಷ ನಾಲ್ಕರಿಂದ ಮೂರು ವರ್ಷಕ್ಕೆ ಇಳಿಯಿತು. ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇಕಡಾ 18ರ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಇಲ್ಲ. ಆದರೂ ವಯಸ್ಸು ಏರಿದಷ್ಟೂ ಕಂತು ಏರುತ್ತದೆ; ಆದ್ದರಿಂದ ಮೈ ಗಟ್ಟಿಯಿರುವಾಗಲೇ ಮಾಡಿಸಿ. ಸಕ್ಕರೆ ಕಾಯಿಲೆಯನ್ನೂ ರಕ್ತದೊತ್ತಡವನ್ನೂ ಮುಚ್ಚಿಡಬೇಡಿ. ಪಾಲಿಸಿ ಎಲ್ಲಿದೆಯೆಂದು ಮನೆಯವರಿಗೆಲ್ಲ ತಿಳಿಸಿ.

ವಿಮೆ ಬಿಲ್ಲು ಕಟ್ಟುತ್ತದೆ, ನಿಜ. ಅದಕ್ಕಿಂತ ದೊಡ್ಡ ಉಪಕಾರವೆಂದರೆ ನೋವು ಬಂದ ದಿನವೇ ಆಸ್ಪತ್ರೆಗೆ ಹೊರಡುವ ಧೈರ್ಯವನ್ನು ಅದು ಕೊಡಬಲ್ಲದು. ಆ ಧೈರ್ಯ ಬೀರುವಿನಲ್ಲಿದ್ದರೂ ನಾನು ಕಷಾಯ ಕುಡಿಯುತ್ತಾ ಕುಳಿತೆ. ನೀವು ಹಾಗೆ ಮಾಡಬೇಡಿ. ಸೊಸೆಯ ಕ್ಷಮೆಯನ್ನು ಮನೆಯಲ್ಲಿ ಕೇಳಿದ್ದಾಯಿತು. ನಿಮ್ಮೆಲ್ಲರ ಮುಂದೆ ಮತ್ತೊಮ್ಮೆ ಕೇಳುತ್ತಿದ್ದೇನೆ.